ಗೀಚುಕಡ್ಡಿ ಶಾಲೆ

ಕಣಿವೆಯ ಕೊನೆಯಲ್ಲಿರುವ ನಮ್ಮ ಶಾಲೆ ಮೊದಲು ಕುರಿದೊಡ್ಡಿಯಾಗಿತ್ತು. ಊರಿನವರ ಬೆನ್ನುಬಿದ್ದು ಮಣ್ಣಿಟ್ಟಿಗೆ ಹೊಯ್ಯಿಸಿ ಅದನ್ನು ಶಾಲೆ ಮಾಡಿದವರು ಕಲೆಮ್ ಮೇಷ್ಟ್ರು. ನನಗೂ ಅಕ್ಷರ ಕಲಿಸಿದವರು ಅವರೇ. ಕಿರ್ಗಿಜರಾದ ನಮ್ಮಲ್ಲಿ ಕಲೆಮ್ ಎಂದರೆ ಲೇಖನಿ. ಎಂಥ ಹೆಸರು ನೋಡಿ! ಆದರೆ ಅವರು ತೀರಿಕೊಂಡ ಮೇಲೆ ಆ ಹೆಸರೇ ಶಾಲೆಗೆ ಕುತ್ತು ತಂದಿತು.

ಅವರ ಜಾಗಕ್ಕೆ ಬಂದವಳು ಸೊಸೆ ಬುರುಲ್. ನಮ್ಮ ಸೊಸೆಯಂದಿರು ಗಂಡನ ಹೆಸರಾಗಲಿ ಮಾವನ ಹೆಸರಾಗಲಿ ಹೇಳುವ ಹಾಗಿಲ್ಲ, ಆ ಹೆಸರಿನ ವಸ್ತುವನ್ನೂ ಹೆಸರಿಸುವ ಹಾಗಿಲ್ಲ. ಹಾಗಾಗಿ ಬುರುಲ್ ಲೇಖನಿಯನ್ನು ‘ಗೀಚುಕಡ್ಡಿ’ ಎಂದಳು. ಮಕ್ಕಳೂ ಅದನ್ನೇ ಕಲಿತರು. ನಾನು ಶಾಲೆಯ ಒಲೆಗೆ ಬೆರಣಿ ತುಂಬುವವನು. ದಿನವೂ ಕೇಳಿ ಕೇಳಿ ನನಗೂ ಅದೇ ರೂಢಿಯಾಯಿತು.

ಆ ಚಳಿಗಾಲ ಜಿಲ್ಲೆಯಿಂದ ಶೈಲೂಬೆಕ್ ಎಂಬ ಅಧಿಕಾರಿ ಬಂದ. ಮಕ್ಕಳು ಕಡಿಮೆ, ಶಾಲೆ ಮುಚ್ಚಿ ಘಟ್ಟದಾಚೆಯ ದೊಡ್ಡ ಶಾಲೆಗೆ ಸೇರಿಸೋಣ ಎಂಬ ಮಾತು ಆಗಲೇ ಎದ್ದಿತ್ತು. ಹಿಮ ಬಿದ್ದರೆ ಆ ಘಟ್ಟವನ್ನು ಕುದುರೆಯೇ ಹತ್ತುವುದಿಲ್ಲ, ಚಿಳ್ಳೆಪಿಳ್ಳೆಗಳು ಹತ್ತುತ್ತವೆಯೇ? ನಮ್ಮ ಮಕ್ಕಳ ಓದು ಅಲ್ಲಿಗೆ ಮುಗಿದಂತೆ.

ಅವನು ಜೇಬಿನಿಂದ ಲೇಖನಿ ತೆಗೆದು ಕೇಳಿದ: “ಇದೇನು ಮಕ್ಕಳೇ?”

“ಗೀಚುಕಡ್ಡಿ!” ಎಲ್ಲ ಒಟ್ಟಿಗೆ ಕೂಗಿದವು.

“ಏನಂದ್ರಿ? ಸರಿ, ಈ ಶಾಲೆ ಕಟ್ಟಿದವರ ಹೆಸರೇನು?”

“ದೊಡ್ಡ ಮೇಷ್ಟ್ರು!”

“ಅದು ಹೆಸರೇನ್ರೋ? ಎಜೆ,” ಎಂದು ಅಕ್ಕನನ್ನು ಕರೆಯುವಂತೆ ಕರೆದು ಬುರುಲ್‌ಗೆ ಲೇಖನಿ ತೋರಿಸಿದ, “ನೀವೇ ಹೇಳಿ. ಇದಕ್ಕೇನಂತಾರೆ?”

ಬುರುಲ್ ತಲೆ ತಗ್ಗಿಸಿದಳು. ನಾನು ಬಾಯಿ ತೆರೆದೆ. “ನೀವು ಸುಮ್ನಿರಿ, ಟೀಚರ್ ಹೇಳ್ಲಿ,” ಎಂದ. ಪಟ್ಟಣದಲ್ಲಿ ಬೆಳೆದವನ ಗತ್ತು! ನನಗೆ ಮೈಯೆಲ್ಲ ಉರಿಯಿತು.

“ಟೀಚರ್‌ಗೇ ಗೊತ್ತಿಲ್ದಿದ್ರೆ ಮಕ್ಕಳನ್ನ ಘಟ್ಟದಾಚೆಗೆ ಕಳಿಸೋದೇ ವಾಸಿ,” ಎಂದು ಅವನು ಟೋಪಿ ಎತ್ತಿಕೊಂಡ.

ಒಲೆಯ ಪಕ್ಕದಲ್ಲಿ ಮೇಷ್ಟ್ರ ಹೆಂಡತಿ ಕಾನಿಮ್ ಅಜ್ಜಿ ಕೂತಿದ್ದಳು. ಗಂಡ ಹೋದ ಮೇಲೆ ಅವಳ ಹಗಲೆಲ್ಲ ಅಲ್ಲೇ ಕಳೆಯುತ್ತಿತ್ತು.

“ಹೇಳೇ ಮಗಳೇ,” ಎಂದಳು ಅಜ್ಜಿ.

“ಹೇಗೆ ಹೇಳ್ಲಿ ಅಪಾ? ನಾಲಿಗೆ ಏಳಲ್ಲ.” ಅತ್ತೆಯನ್ನು ಬುರುಲ್ ‘ಅಪಾ’, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದಳು.

“ಇಟ್ಟಿಗೆ ಹೊತ್ತು ಅವರ ಹೆಗಲು ಕಿತ್ತುಹೋಗಿತ್ತು. ನಾನೇ ಬೆಣ್ಣೆ ಹಚ್ತಿದ್ದೆ. ಹೆಸರು ಉಳಿಸೋಕೆ ಹೋಗಿ ಅವರ ಶಾಲೆ ಕಳೀಬೇಡ. ಪಾಪ ಬಂದ್ರೆ ನನಗೆ ಬರ್ಲಿ.”

ಬುರುಲ್ ಎದೆಯ ಮೇಲೆ ಕೈ ಕಟ್ಟಿ, ಹೊಸ ಸೊಸೆಯ ಹಾಗೆ ಅತ್ತೆಗೆ ಬಾಗಿ ವಂದಿಸಿದಳು. ಆಮೇಲೆ ನೆಟ್ಟಗೆ ನಿಂತಳು.

“ಅದು ಕಲೆಮ್. ಶಾಲೆ ಕಟ್ಟಿದವರೂ ಕಲೆಮ್. ನನ್ನ ಮಾವ.”

ಶೈಲೂಬೆಕ್‌ನ ಮುಖ ಇಳಿಯಿತು. ಟೋಪಿಯನ್ನು ಮೇಜಿನ ಮೇಲಿಟ್ಟು ಕುಳಿತ. “ನಮ್ಮಮ್ಮನೂ ಮಾವನ ಹೆಸರು ಅಂತ ನೀರಿಗೆ ‘ಹರಿಯೋದು’ ಅಂತಿದ್ಲು,” ಎಂದ ಮೆಲ್ಲಗೆ. “ನಾನು ನಗ್ತಿದ್ದೆ. ತಪ್ಪಾಯ್ತು ಎಜೆ. ಶಾಲೆ ಇಲ್ಲೇ ಇರ್ಲಿ. ಮೇಲಿನವರಿಗೆ ನಾನು ಹೇಳ್ತೀನಿ.”

ಮಾತಿಗೆ ತಪ್ಪಲಿಲ್ಲ, ಪುಣ್ಯಾತ್ಮ. ಶಾಲೆ ಇಂದಿಗೂ ಇದೆ.

ಆದರೆ ಆ ಹೊತ್ತಿನಲ್ಲಿ ಅಜ್ಜಿಗೆ ಅವನ ಮಾತು ಕೇಳಿಸಿದಂತಿರಲಿಲ್ಲ. ಅವಳು ಸೊಸೆಯ ಅಂಗಿಯಂಚು ಹಿಡಿದು ಎಳೆಯುತ್ತಿದ್ದಳು.

“ಇನ್ನೊಂದ್ಸಲ ಹೇಳೇ. ಮದುವೆಯಾದಾಗಿಂದ ಒಂದಿನಾನೂ ನನ್ನ ಬಾಯಲ್ಲಿ ಬರ್ಲಿಲ್ಲ ಅದು. ಈ ಮನೆ ಹೆಣ್ಣಿನ ಬಾಯಲ್ಲಿ ಹೇಗಿರುತ್ತೋ, ಕೇಳಿಸ್ಕೋತೀನಿ.”

ಬುರುಲ್ ಅತ್ತೆಯ ಮಡಿಲಲ್ಲಿ ಮುಖ ಹುದುಗಿಸಿ ಅತ್ತುಬಿಟ್ಟಳು. ಅಜ್ಜಿ ಅವಳ ತಲೆ ಸವರಿದಳು. ಕೊನೆಗೆ ತಾನೇ ತುಟಿ ಅಲುಗಿಸಿ, ಕಲೆಮ್, ಎಂದಳು.