ಲಕ್ಷ್ಮಿಗೊಂದು ನಂಬರು

ತಾಮ್ರದ ಎಳೆಯೊಂದು ಉಗುರಿನ ಸಂದಿಗೆ ಚುಚ್ಚಿತು, ಹಾ, ಎಷ್ಟು ದಿನವಾಗಿತ್ತು ಈ ಚುಚ್ಚು ಮುಟ್ಟಿ, ಎರಡು ವರ್ಷವೇ ಆಯಿತಲ್ಲ, ಶಿವದೇವಿ ಬೆರಳನ್ನು ಬಾಯಿಗಿಟ್ಟುಕೊಂಡಳು, ಹೈದರಾಬಾದಿನ ಸನತ್‌ನಗರದ ಕಾರ್ಖಾನೆಯ ಮಧ್ಯಾಹ್ನಗಳ ರುಚಿ — ಸ್ಟೂಲಿನ ಮೇಲೆ ನಿಂತವಳ ಎದುರಿಗೆ ಗೋಡೆಯಿಂದ ಆರು ತಂತಿಗಳು ಇಣುಕುತ್ತಿವೆ, ಬಾಗಿಲ ಪಕ್ಕದಲ್ಲಿ ನಂಬರ್ ಒತ್ತುವ ಹೊಸ ಬೀಗ, ಒಳಗೋಡೆಯ ಮೇಲೆ ಅಲಾರಮ್ಮಿನ ಬಿಳಿ ಡಬ್ಬಿ, ಎರಡಕ್ಕೂ ಇನ್ನೂ ಪರಿಚಯವಾಗಿಲ್ಲ, ಮಾಡಿಸಬೇಕಾದವಳು ತಾನು, ನಂಬರ್ ಒತ್ತಿ ಬಂದವರು ಮನೆಯವರು, ಕೂಗಬೇಡ, ನಂಬರಿಲ್ಲದೆ ಬಾಗಿಲು ತೆರೆದವರು ಕಳ್ಳರು, ಕೂಗು, ಇಷ್ಟೇ, ಇಷ್ಟನ್ನು ಕಲಿಸಲು ಅಂಗಡಿಯ ಕಾರೀಗರ ಪರ್ಸೋಂ ಆತೂಂ ಅಮ್ಮಾ ಎಂದು ಹೋಗಿ ಹನ್ನೊಂದು ದಿನವಾಯಿತು, ಈ ಊರಿನ ಪರ್ಸೋಂ ಎಂಬ ನಾಡಿದ್ದು ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ಏ ಶಿವದೇವಿ, ಇಳೀ, ಸ್ಟೂಲ್ ಅಳ್ಳಾಡಾಕತ್ತೈತಿ, ಬಿದ್ದಿ ಅಂದ್ರ ಅಲಾರಮ್ಮಿಗಿಂತ ಮೊದಲ ನೀನ ಒದರ್ತಿ — ಗಂಡ ಮಲ್ಲಣ್ಣ ಸ್ಟೂಲಿನ ಕಾಲು ಹಿಡಿದುಕೊಂಡೇ ಹೇಳುತ್ತಿದ್ದಾನೆ, ಬಿಟ್ಟು ಹೋಗುವುದೂ ಇಲ್ಲ. ಸುಮ್ನ ಹಿಡಕೊಂಡು ನಿಂದರ್ರಿ. ನಿಂದರ್ತೀನಿ, ಸಂಜಿ ತನಕ ನಿಂದರ್ತೀನಿ, ಆಮ್ಯಾಲ ಬ್ಯಾರೆ ಕಾರೀಗರನ್ನ ಕರಸ್ತೀನಿ, ಹಿಂದಿನ ಓಣ್ಯಾಗ ಹಾಡಾಹಗಲ ಕಳ್ಳರು ಹೊಕ್ಕಾರ, ಹಗಲೂ ರಾತ್ರಿ ಚಾಲೂ ಇರಬೇಕು ಇದು. ಸಂಜೆ ತನಕ, ಆಯಿತು, ಅವನಿಗೇನು ಗೊತ್ತು, ಪರೀಕ್ಷೆ ಬೀಗದ್ದಲ್ಲ, ಕೈಯದ್ದು — ಇಪ್ಪತ್ತೆರಡು ವರ್ಷ ಪಕ್ಕದ ಮೇಜಿನಲ್ಲಿ ಕೂತು ಇಂಥವೇ ಡಬ್ಬಿಗಳಿಗೆ ಬೆಸುಗೆ ಹಾಕಿದ ಮಧುರಾ, ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲೇ ಎರಡು ಕೋಣೆ ಹಿಡಿದು ಸ್ವಂತ ಕೆಲಸ ಶುರು ಮಾಡಿದವಳು, ಮೊನ್ನೆ ಫೋನಿನಲ್ಲಿ, ಶಿವಕ್ಕಾ, ಸೋಮವಾರದಿಂದ ಬಂದುಬಿಡು, ಮನಿ ಮನಿಗೆ ಹೋಗಿ ಬೀಗ ಕೂಡಸೋದು, ಹುಡುಗ್ಯಾರ ಹಾಸ್ಟೆಲ್‌ನವರು ಹೆಣ್ಮಕ್ಕಳನ್ನ ಕಳಸ್ರಿ ಅಂತಾರ, ಎಲ್ಲಿಂದ ತರ್ಲಿ ನಾ? ಕೈ ಮೊದಲಿನಂಗಿಲ್ಲ ಬಿಡು ಮಧುರಾ, ಐವತ್ತೊಂದಾತು, ಎಂದುಬಿಟ್ಟಿದ್ದಳು, ಎಂದ ಮೇಲೆ ಎರಡು ರಾತ್ರಿ ಬೆರಳುಗಳನ್ನು ನೋಡುತ್ತ ಮಲಗಿದ್ದಳು, ನಿಜವಾಗಿಯೂ ಇಲ್ಲವೇ? — ಬೀಗ ಬಿಡುವಾಗ ಅದರೊಳಗಿನ ಕರೆಂಟು ಎಮ್ಮೆಯಂತೆ ಹಿಂದಕ್ಕೆ ಒದೆಯುತ್ತದೆ, ಆ ಒದೆತಕ್ಕೆ ನಂಬರಿನ ಪೆಟ್ಟಿಗೆ ಸುಟ್ಟುಹೋಗಬಾರದೆಂದು ಕರೆಂಟನ್ನು ಒಂದೇ ಕಡೆಗೆ ಬಿಡುವ ಅಕ್ಕಿಕಾಳಿನಷ್ಟು ಡಯೋಡು, ಅದರ ಮೈಮೇಲಿನ ಬೆಳ್ಳಿಗೆರೆ ಯಾವ ಕಡೆಗೆ ಎಂದು ಯೋಚಿಸುವ ಮೊದಲೇ ಬೆರಳು ಅದನ್ನು ಸರಿಯಾಗಿ ತಿರುಗಿಸಿ ಹಿಡಿದಿದೆ, ಅಯ್ಯೋ, ನೋಡು ಇದನ್ನ, ತನಗಿಂತ ಮೊದಲು ಇದಕ್ಕೇ ನೆನಪಾಯಿತು, ನಗು ಬಂತು, ಯಾಕ ನಗ್ತಿ? ಏನಿಲ್ಲ, ಹಿಡಕೋರಿ. ಒಂದು ತಂತಿ ಬೀಗಕ್ಕೆ, ಇನ್ನೊಂದು ಬಾಗಿಲು ತೆರೆದದ್ದನ್ನು ಅಲಾರಮ್ಮಿಗೆ ಹೇಳುವ ಮೂಲೆಯ ಅಯಸ್ಕಾಂತದ ಕಣ್ಣಿಗೆ, ನಂಬರ್ ಒತ್ತಿದರೆ ಆ ಕಣ್ಣು ಅರ್ಧ ನಿಮಿಷ ಮುಚ್ಚಿಕೊಳ್ಳಬೇಕು, ಅಷ್ಟರಲ್ಲಿ ಮನೆಯವರು ಒಳಗೆ ಬಂದು ಬಾಗಿಲು ಹಾಕಿಕೊಳ್ಳಬೇಕು — ನಾಲ್ಕು ಅಂಕಿ, ಟಕ್, ಹಸಿರು ದೀಪ, ಬಾಗಿಲು ಬಿಟ್ಟುಕೊಂಡಿತು, ಅಲಾರಮ್ಮು ತುಟಿ ಪಿಟಕ್ಕೆನ್ನಲಿಲ್ಲ, ಮಲ್ಲಣ್ಣ ಹೊರಗೆ ಹೋದ, ಒಳಗೆ ಬಂದ, ಮತ್ತೆ ಹೊರಗೆ ಹೋದ, ಜೋಕಾಲಿ ಸಿಕ್ಕ ಕೂಸಿನಂತೆ ಏಳು ಸಲ, ಭಾಳ ಚಲೋ ಆತಲೇ.

ಚಲೋ ಆಗಿದ್ದು ಒಂದು ತಾಸು, ದೀಪ ಹಚ್ಚುವ ಹೊತ್ತಿಗೆ ಅತ್ತೆ ಬಸಲಿಂಗಮ್ಮ ಎದ್ದು ಸೆರಗು ಸರಿಮಾಡಿಕೊಂಡು ಸೊಸೆ ಹೇಳಿಕೊಟ್ಟ ನಂಬರ್ ಒತ್ತಿ ದಿನದಂತೆ ಮುಂಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದಿಟ್ಟು ದೇವರ ಮುಂದೆ ಹೋಗಿ ಕೂತಳು, ಲಕ್ಷ್ಮಿ ಬರುವ ವೇಳೆ, ಹಾಕಿದ ಬಾಗಿಲು ನೋಡಿ ಆಕೆ ತಿರುಗಿ ಹೋಗಬಾರದು, ಲಿಂಗಸುಗೂರಿನಿಂದ ಹೈದರಾಬಾದಿನ ಈ ತುದಿಯ ಕುಷಾಯಿಗೂಡಕ್ಕೆ ಬಂದ ನಲವತ್ತು ವರ್ಷದಲ್ಲಿ ಒಂದು ಸಂಜೆಯೂ ತಪ್ಪಿದ್ದಿಲ್ಲ, ಒಂದು ಬತ್ತಿ ಹೊತ್ತಿತು, ಎರಡನೆಯದು ಹೊತ್ತುವಷ್ಟರಲ್ಲಿ ಅರ್ಧ ನಿಮಿಷ ಮುಗಿದು — ಅಯ್ಯಯ್ಯೋ ಏನು ಕೂಗು, ಎದುರು ಮನೆಯವರು ಗ್ಯಾಲರಿಗೆ ಓಡಿಬಂದರು, ಏಮೈಂದಿ ಅಕ್ಕಾ, ಏಮೈಂದಿ, ಏನಾಯಿತೆಂಬ ಗಾಬರಿ ಅವರಿಗೆ, ಮಲ್ಲಣ್ಣ ಎರಡೂ ಕಿವಿ ಮುಚ್ಚಿಕೊಂಡು ಬಂದ್ ಮಾಡು ಬಂದ್ ಮಾಡು ಎಂದು ತಾನೂ ಕೂಗುತ್ತಿದ್ದಾನೆ, ಬಸಲಿಂಗಮ್ಮ ಮಾತ್ರ ಕಡ್ಡಿಪೆಟ್ಟಿಗೆ ಹಿಡಿದು, ಯಾವ ಫ್ಯಾಕ್ಟ್ರಿ ಭೋಂಗಾ ತಂದು ಮನ್ಯಾಗ ಕಟ್ಟೀರಿ? ಲಕ್ಷ್ಮಿ ಹೈದರಾಬಾದ ಬಿಟ್ಟು ಓಡಿದ್ಲು ಈಗ. ಸದ್ದು ನಿಂತ ಮೇಲೆ ಮಲ್ಲಣ್ಣ ಮೆತ್ತಗೆ ಹೇಳಿದ, ಸಿಟ್ಟಿನಿಂದಲ್ಲ, ಅದೇ ಕೆಟ್ಟದ್ದು, ಹೋಗ್ಲಿ ಬಿಡು, ನಾಳೆ ಕಾರೀಗರನ್ನ ಕರಸೋಣು, ಯವ್ವಾ, ಇನ್ ಮ್ಯಾಲ ಬಾಗ್ಲಾ ಹಾಕ್ಕೊಂಡ ದೀಪಾ ಹಚ್ಚು. ಅತ್ತೆ ಬಾಗಿಲನ್ನು ನೋಡಿದಳು, ಶಿವದೇವಿಯೂ ನೋಡಿದಳು — ಇಪ್ಪತ್ತೆರಡು ವರ್ಷ ಸನತ್‌ನಗರದಿಂದ ಬಸ್ಸು ಇಳಿದು ಓಣಿಯ ತಿರುವಿಗೆ ಬಂದಾಗ ಮೊದಲು ಕಾಣುತ್ತಿದ್ದದ್ದು ಈ ಬಾಗಿಲೇ, ತೆರೆದ ಬಾಗಿಲು, ಹೊಸ್ತಿಲ ಮೇಲೆ ಉದ್ದಕ್ಕೆ ಬಿದ್ದ ಬೆಳಕಿನ ಪಟ್ಟಿ, ಏಳಾಗಲಿ ಎಂಟಾಗಲಿ ಅತ್ತೆಯ ಲಕ್ಷ್ಮಿಯ ವೇಳೆ ಮುಗಿಯುತ್ತಲೇ ಇರಲಿಲ್ಲ, ಬಸ್ಸು ಬರುವವರೆಗೂ ಹಿಗ್ಗುತ್ತಿತ್ತು, ಚೀಲ ಹಿಡಿದು ತಾನು ಮೆಟ್ಟಿಲು ಹತ್ತಿದ ಮೇಲೆಯೇ, ಬಂದ್ಲಪಾ ಲಕ್ಷ್ಮಿ, ಬಾಗ್ಲಾ ಹಾಕ್ರಿ ಇನ್ನ, ಎನ್ನುತ್ತಿದ್ದಳು ಅತ್ತೆ — ಈ ಬಾಗಿಲನ್ನು ಮುಚ್ಚಿಸುವುದು ಯಾವ ಕಾರೀಗರನಿಗೂ ಬರುತ್ತದೆ, ತೆರೆದಿಡುವುದು ಯಾರಿಗೆ ಬರುತ್ತದೆ?

ಕನ್ನಡಕ ಎಲ್ಲಿ, ಬೀಗದ ಜೊತೆ ಬಂದ ಪುಸ್ತಿಕೆ ಎಲ್ಲಿ, ಇರುವೆಯಷ್ಟು ಅಕ್ಷರ, ಕೊನೆಯ ಪುಟದಲ್ಲಿ ಇದೆ, ಇರಲೇಬೇಕಿತ್ತು, ಯಾವುದಾದರೂ ಒಂದು ನಂಬರನ್ನು ಬೇರೆ ಮಾಡಿಡಬಹುದು, ಅದನ್ನು ಒತ್ತಿದರೆ ಬಾಗಿಲ ಕಣ್ಣು ಮುಚ್ಚಿಕೊಂಡೇ ಇರುತ್ತದೆ, ಅರ್ಧ ನಿಮಿಷವಲ್ಲ, ಮತ್ತೆ ಒತ್ತುವ ತನಕ, ಬಾಗಿಲು ಹಾರುಹೊಡೆದಿದ್ದರೂ ಅಲಾರಮ್ಮಿನ ಲೆಕ್ಕಕ್ಕೆ ಮುಚ್ಚಿದಂತೆಯೇ, ಉಳಿದ ಕಿಟಕಿಗಳ ಕಾವಲು ಕಾವಲೇ. ನಂಬರ್ ಒಂದು ಮಲ್ಲಣ್ಣ, ಎರಡು ತಾನು, ಮೂರು ಅತ್ತೆ, ನಾಲ್ಕು — ಅತ್ತೀ, ಲಕ್ಷ್ಮಿಗೆ ಯಾವ ನಂಬರ್ ಇಡ್ಲಿ? ಆಕಿಗೆ ನಂಬರ್ ಯಾಕವ್ವಾ, ಆಕಿ ಯಾವ ಸಾಲಿ ಕಲ್ತಾಳ ಒತ್ತಾಕ? ಆಕಿ ಪರವಾಗಿ ನೀವ ಒತ್ರಿ. ಮುದುಕಿ ಕಣ್ಣು ಮುಚ್ಚಿ ಹಣೆ ಸುಕ್ಕುಗಟ್ಟಿಸಿ ಯೋಚಿಸಿ, ಸೊಸೆಯ ಕಿವಿ ಹತ್ತಿರಕ್ಕೆಳೆದು ನಾಲ್ಕು ಅಂಕಿ ಉಸುರಿದಳು, ಬಾಯಿಂದ ಎಲೆಅಡಿಕೆಯ ವಾಸನೆ, ನಿನ್ನ ಗಂಡಗ ಹೇಳಬ್ಯಾಡ. ಏನಂದ್ಲು? ನಿಮಗ್ಯಾಕ್ರಿ, ಲಕ್ಷ್ಮಿ ಖಾಸಗಿ ವಿಷಯ. ನನ್ನ ಮನ್ಯಾಗ ನನಗ ಗೊತ್ತಿರಲಾರದ ನಂಬರ್! ಮಲ್ಲಣ್ಣ ನಕ್ಕ, ಸ್ಟೂಲನ್ನು ತಾನೇ ತಂದಿಟ್ಟು ಕಾಲು ಹಿಡಿದು ನಿಂತ. ಬೆರಳು ತಡವರಿಸದೆ ತಿರುಪು ಕೂರಿಸಿತು, ಅತ್ತೆ ಒಂದೊಂದೇ ಗುಂಡಿಯನ್ನು ಕುಂಕುಮವಿಡುವಷ್ಟು ಜತನದಿಂದ ಒತ್ತಿದಳು, ಬಾಗಿಲು ಗೋಡೆಗೆ ತಾಗಿತು, ಇಪ್ಪತ್ತು, ಮೂವತ್ತು, ನಲವತ್ತು, ಮಲ್ಲಣ್ಣನ ಕೈ ಕಿವಿಯ ಹತ್ತಿರವೇ ಇದೆ, ಅರವತ್ತು, ಎರಡನೆಯ ಬತ್ತಿಯೂ ಹೊತ್ತಿತು, ಓಣಿಯಲ್ಲಿ ಸ್ಕೂಟರು ಹೋಯಿತು, ಎಲ್ಲಿಂದಲೋ ಒಗ್ಗರಣೆ, ಡಬ್ಬಿ ಸುಮ್ಮನೆ ಇದೆ, ಸುಮ್ಮನೆ! ಶಿವದೇವಿಗೆ ಜೋರಾಗಿ ಕೇಕೆ ಹಾಕಬೇಕೆನಿಸಿತು, ಹಾಕಲಿಲ್ಲ, ಅತ್ತೆ ಹೊರಗೆ ನೋಡುತ್ತಲೇ ಕೇಳಿದಳು, ಎಷ್ಟೊತ್ತು ಹಿಂಗ ತೆರದಿರ್ತೈತಿ ಇದು? ಎಷ್ಟೊತ್ತಾದ್ರೂ ಅತ್ತೀ, ಏಳಾಗ್ಲಿ, ಎಂಟಾಗ್ಲಿ. ಹೇಳಿದ ಮೇಲೆ ತನ್ನ ಮಾತೇ ಕಿವಿಯಲ್ಲಿ ನಿಂತಿತು, ಎಂಟಾಗಲಿ, ಸನತ್‌ನಗರದಿಂದ ಬರುವಷ್ಟರಲ್ಲಿ ಎಂಟೇ ಆಗುತ್ತದೆ, ಸೋಮವಾರ, ಹೌದು, ಸೋಮವಾರ, ಗಂಡ ಏನಾತು ಎಂದು ಮುಖ ನೋಡಿದ, ಏನಿಲ್ಲ ಎಂದು ತಲೆಯಾಡಿಸಿದಳು, ಮಧುರಾಳಿಗೂ ಈಗಲೇ ಹೇಳುವುದು ಬೇಡ, ಹೋಗಿ ನಿಂತರಾಯಿತು ಅವಳ ಬಾಗಿಲಲ್ಲಿ, ಓಣಿಯ ತಿರುವು, ತೆರೆದ ಬಾಗಿಲು, ಹೊಸ್ತಿಲ ಮೇಲೆ ಉದ್ದಕ್ಕೆ ಬಿದ್ದ ಬೆಳಕಿನ ಪಟ್ಟಿ —