ಮಾಟಗಾತಿಗೆ ಯಾರ ಮಣ್ಣು

"ಅಲ್ಲ ಕಣೆ ಮಧು, ನನ್ನ ಯಾವತ್ತು ಸುಡ್ತೀಯ?"

ಅವರೆಕಾಯಿ ಸುಲಿಯುತ್ತಾ ಕೂತಿದ್ದ ಮಂಗಮ್ಮತ್ತೆ, ಸಾರಿಗೆ ಉಪ್ಪು ಹಾಕಿದೆಯಾ ಎಂದು ಕೇಳುವ ಹಾಗೆ ಇದನ್ನು ಕೇಳಿದಳು. ನಾನು ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಗದರಿದೆ.

"ಬಿಡ್ತು ಅನ್ನು! ಏನ್ ಮಾತು ಅಂತ ಆಡ್ತೀಯ?"

"ಆ ಮೋರಾಗನ್ನ ಸುಡ್ತಾರೆ ಅಂತ ಮೊಬೈಲಲ್ಲಿ ಬಂತಲ್ಲ. ಮೋರಾಗು ಅಂದ್ರೆ ನಾನೇ ತಾನೆ? ನಂಗೇನು ಗೊತ್ತಾಗಲ್ಲ ಅನ್ಕೊಂಡಿದ್ಯಾ?"

ಸಿಕ್ಕಿಬಿದ್ದೆ. ಅವಳ ಮೊರದಿಂದ ಒಂದು ಹಿಡಿ ಕಾಯಿ ತೆಗೆದುಕೊಂಡು ನಾನೂ ಸುಲಿಯತೊಡಗಿದೆ.

ನಾನು ಮಧುಶ್ರೀ. ಗಂಡನನ್ನು ಬಿಟ್ಟು ಯಡಿಯೂರಿನ ತವರುಮನೆಗೆ ವಾಪಸ್ಸು ಬಂದವಳು, ಆಡಿಯೋ ಆ್ಯಪ್ ಒಂದಕ್ಕೆ ಧಾರಾವಾಹಿ ಬರೆದು ಹೊಟ್ಟೆ ಹೊರೆಯುವವಳು. ಧಾರಾವಾಹಿ ನಡೆಯುವುದು ಹಳೇ ಕಾಲದ ಸ್ಕಾಟ್ಲೆಂಡಿನಲ್ಲಿ. ಮಂಜು ಮುಸುಕಿದ ಬೆಟ್ಟ, ಕಲ್ಲಿನ ಕೋಟೆ, ಮಾಟ ಮಂತ್ರ, ದನ ಕದಿಯುವ ಎರಡು ಕುಲಗಳು: ಮಕ್‌ಡಾರನ್ ಮತ್ತು ಕಿಲ್‌ಬ್ರೇ. ನಾನು ತಿರುಪತಿಯಿಂದಾಚೆ ಹೋದವಳಲ್ಲ. ಆದರೆ ಕುಲ ಅಂದರೇನು ಎಂದು ಯಾರೂ ನನಗೆ ಪಾಠ ಹೇಳಬೇಕಾಗಿಲ್ಲ. ಒಂದೇ ಬಳ್ಳಿಯ ಮನೆಗಳಿಗೆ ನಮ್ಮಲ್ಲಿ ಬೆಡಗು ಅನ್ನುತ್ತಾರೆ. ಬೆಡಗಿನವರು ಜಮೀನಿಗೆ ಹೊಡೆದಾಡುತ್ತಾರೆ, ಮಾತು ಬಿಡುತ್ತಾರೆ, ಆದರೂ ಸತ್ತಾಗ ಒಂದೇ ಸೂತಕ, ಒಂದೇ ಮಣ್ಣು. ನಮ್ಮ ದೊಡ್ಡಪ್ಪ ಚಿಕ್ಕಪ್ಪಂದಿರಿಗೆ ಕಂಬಳಿ ಹೊದಿಸಿ ಕೈಗೆ ಕತ್ತಿ ಕೊಟ್ಟೆ, ಅಷ್ಟೇ. ಕೇಳುಗರೆಲ್ಲ 'ರಿಸರ್ಚ್ ಸಖತ್ತಾಗಿದೆ ಮೇಡಂ' ಎಂದು ಹೊಗಳುತ್ತಿದ್ದರು!

ಮೋರಾಗ್ ಪಾತ್ರವನ್ನೂ ಹಾಗೆಯೇ ಮನೆಯಿಂದಲೇ ಎತ್ತಿದ್ದು. ಮಕ್‌ಡಾರನ್ ಕುಲದಲ್ಲಿ ಹುಟ್ಟಿ ಕಿಲ್‌ಬ್ರೇ ಕುಲಕ್ಕೆ ಮದುವೆಯಾಗಿ ಹೋದವಳು. ಗಂಡ ಸತ್ತಾಗ, ಮಾಟ ಮಾಡಿ ನುಂಗಿದಳು ಎಂದು ಅವರು ಓಡಿಸಿದರು. ಹುಟ್ಟಿದ ಕುಲಕ್ಕೆ ಹಿಂತಿರುಗಿ, ಮಕ್ಕಳ ದೃಷ್ಟಿ ತೆಗೆಯುತ್ತಾ, ಬೇರು ನಾರು ಅರೆಯುತ್ತಾ ಮುದುಕಿಯಾದಳು. ಕೊನೆಗೆ ಅವಳ ಕುಲದವರೇ ಅವಳಿಗೆ ಹೆದರಿ ಕಂಬಕ್ಕೆ ಕಟ್ಟಿ ಸುಡುತ್ತಾರೆ. ಆ ಸಂಚಿಕೆ ಇನ್ನೂ ಬರೆದಿರಲಿಲ್ಲ. ಆದರೆ ಜೆ.ಪಿ. ನಗರದ ಆಫೀಸಿನಲ್ಲಿ ಕೂತಿರುವ ನನ್ನ ನಿರ್ಮಾಪಕ ಮಯೂರ್ ಪ್ರೋಮೋ ಬಿಟ್ಟಾಗಿತ್ತು, ಬೆಂಕಿಯ ಸದ್ದಿನ ಸಮೇತ.

ಮಂಗಮ್ಮತ್ತೆ ನಮ್ಮಪ್ಪನ ತಂಗಿ. ಕನಕಪುರ ರಸ್ತೆಯಾಚೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಗಂಡ ಜ್ವರದಲ್ಲಿ ತೀರಿಕೊಂಡಾಗ ಅವಳಿಗೆ ಇಪ್ಪತ್ತೂ ತುಂಬಿರಲಿಲ್ಲ. ದೃಷ್ಟಿ ಮಂತ್ರ ಬಲ್ಲವಳೆಂದು ಮೊದಲೇ ಒಂದು ಕಣ್ಣಿಟ್ಟಿದ್ದ ಗಂಡನ ಮನೆಯವರು, ಹೆಣ ಅಂಗಳದಲ್ಲಿರುವಾಗಲೇ ಅವಳನ್ನು ಊರಾಚೆ ನಿಲ್ಲಿಸಿದರು. ಅಪ್ಪ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕರೆದುಕೊಂಡು ಬಂದ. ಅಂದಿನಿಂದ ಈ ಮನೆಯೇ ಅವಳ ಮನೆ. ಅಮ್ಮ ಹೋದ ಮೇಲೆ ನನ್ನನ್ನೂ ಅಣ್ಣ ಶಿವರಾಮನನ್ನೂ ಸಾಕಿದ್ದು ಅವಳೇ. ಈಗಲೂ ಫ್ಲಾಟುಗಳಿಂದ ಹುಡುಗಿಯರು ಅಳುವ ಮಗುವನ್ನು ಎತ್ತಿಕೊಂಡು 'ಅಜ್ಜಿ, ಸ್ವಲ್ಪ ದೃಷ್ಟಿ ತೆಗೀರಿ' ಎಂದು ಬರುತ್ತಾರೆ. ಉಪ್ಪು ಮೆಣಸಿನಕಾಯಿ ಇಳಿಸಿ, ಒಲೆಗೆ ಹಾಕಿ, ಥೂ ಥೂ ಎಂದು ಉಗಿದು ಕಳಿಸುತ್ತಾಳೆ.

"ಕಥೆ ಕಣತ್ತೆ ಅದು," ಎಂದೆ.

"ಕಥೇನೇ ಇರ್ಲಿ. ಸುಡ್ಬೇಡ ಅವಳನ್ನ. ಮಣ್ಣು ಮಾಡು." ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು. "ಡಾಕ್ಟ್ರು ಹಾರ್ಟು ವೀಕು ಅಂದ್ರಲ್ಲ, ಅವತ್ತಿಂದ ನಿದ್ದೆ ಇಲ್ಲ ನಂಗೆ. ಬನಶಂಕರೀಲಿ ಕರೆಂಟಿನ ಒಲೆ ಇದೆಯಂತೆ. ಬಟನ್ ಒತ್ತಿದ್ರೆ ಒಳಕ್ಕೆ ಎಳ್ಕೊಳುತ್ತಂತೆ. ನಮ್ಮಲ್ಲಿ ಯಾರನ್ನಾದ್ರೂ ಸುಟ್ಟಿದಾರೇನೆ? ನಂಗೆ ಬೆಂಕಿ ಅಂದ್ರೆ ಭಯ ಕಣೆ. ನಮ್ಮಣ್ಣನ ಪಕ್ಕ ಹಾಕ್ಸು ಅಂತ ಶಿವೂಗೆ ಹೇಳ್ತೀಯ?"

ಯಾರಿಗೂ ಹೆದರದ ಹೆಂಗಸು. ಅವಳ ಬಾಯಲ್ಲಿ ಭಯ ಎಂಬ ಮಾತು ಕೇಳಿದ್ದು ಅದೇ ಮೊದಲು. ಹೇಳ್ತೀನಿ ಎಂದು ಅವಳ ಕೈ ಹಿಡಿದು ಮಾತು ಕೊಟ್ಟೆ.

ನಮ್ಮ ಬೆಡಗಿನ ಮಣ್ಣಿರುವುದು ಅರೆಕೆರೆಯಲ್ಲಿ. ಒಂದು ಕಾಲಕ್ಕೆ ರಾಗಿ ಹೊಲದ ಮೂಲೆ. ತಾತ, ಅಜ್ಜಿ, ಅಮ್ಮ, ನಮ್ಮಪ್ಪ ಚಿಕ್ಕಬೈರಪ್ಪ, ಎಲ್ಲರೂ ಅಲ್ಲೇ ಮಲಗಿದ್ದಾರೆ. ಈಗ ಪಕ್ಕದಲ್ಲೇ ಶಿವರಾಮನ ಲೇಡೀಸ್ ಪಿ.ಜಿ. ಎದ್ದಿದೆ. ಗೋರಿಗಳ ನಡುವಿನ ಖಾಲಿ ಜಾಗಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿ, ಸ್ಕೂಟರ್ ನಿಲ್ಲಿಸಲು ಬಿಟ್ಟಿದ್ದಾನೆ ಪುಣ್ಯಾತ್ಮ. ನಾನು ಹೋದಾಗ ಯಾರದೋ ಹೆಲ್ಮೆಟ್ಟು ತಾತನ ತಲೆಯ ಮೇಲಿತ್ತು.

"ಆಗಲ್ಲ ಮಧು," ಅಂದ ಶಿವರಾಮ. ದನಿಯಲ್ಲಿ ಕೋಪವಿರಲಿಲ್ಲ. "ಹಳೇದು ಹೆಂಗೋ ಅಡ್ಜಸ್ಟ್ ಮಾಡ್ಕೊಂಡಿದಾರೆ. ಹೊಸ ಗುಂಡಿ ತೋಡಿದ್ರೆ ಹುಡುಗೀರು ಒಬ್ರೂ ಉಳಿಯಲ್ಲ. ಮೇಲಾಗಿ ಅತ್ತೆ ನಮ್ಮ ಬೆಡಗಲ್ಲ. ಧಾರೆ ಎರೆದು ಕೊಟ್ಟ ಮೇಲೆ ಅವರ ಬೆಡಗು. ದೊಡ್ಡಪ್ಪನ ಮಕ್ಕಳು ಒಪ್ತಾರಾ?"

"ನಿನ್ನ ಅಂಡು ತೊಳೆದು ಬೆಳೆಸುವಾಗ ಯಾವ ಬೆಡಗಾಗಿದ್ಲೋ ಅವಳು?"

"ಅದಕ್ಕೇ ತಾನೆ ಇಷ್ಟು ವರ್ಷ ನೋಡ್ಕೊಂಡಿರೋದು? ನೀಟಾಗಿ ಬನಶಂಕರೀಲಿ ಮುಗ್ಸೋಣ. ಈಗೆಲ್ಲ ಅದೇ ಕಣೆ."

ಜಗಳವಾಡಿದೆ, ಬೈದೆ, ಗೇಟನ್ನು ಬಡಿದು ಹೊರಟೆ. ಅದರಿಂದ ಏನೂ ಆಗಲಿಲ್ಲ. ದೊಡ್ಡಪ್ಪನ ಮಕ್ಕಳಿಗೆ ಫೋನ್ ಮಾಡಿದರೆ ಅವರೂ ಅದೇ ಹಾಡು ಹಾಡಿದರು. ಮನೆಗೆ ಬಂದು ಅತ್ತೆಗೆ 'ನೋಡೋಣ ಅಂದಿದಾನೆ' ಎಂದು ಸುಳ್ಳು ಹೇಳಿದೆ.

ನಿಜದಲ್ಲಿ ಆಗದ್ದನ್ನು ಕಥೆಯಲ್ಲಾದರೂ ಮಾಡೋಣ ಎಂದು ಆ ವಾರ ಮಯೂರ್ ಜೊತೆ ಹೊಡೆದಾಟಕ್ಕೆ ನಿಂತೆ. ಮೋರಾಗ್‌ಳನ್ನು ಸುಡುವುದಿಲ್ಲ, ಹೂಳುತ್ತೇನೆ ಎಂದೆ.

"ಮೇಡಂ, ಹೂಳೋದ್ರಲ್ಲಿ ಏನಿದೆ? ಸೌಂಡೇ ಇಲ್ಲ," ಅಂದ. "ಬೆಂಕಿ ಬೇಡ ಅಂದ್ರೆ ಅದಕ್ಕಿಂತ ದೊಡ್ಡದು ಏನಾದ್ರೂ ಕೊಡಿ. ಫ್ಯಾಮಿಲಿ ಆಡಿಯನ್ಸ್ ಅಳಬೇಕು."

ಕೊಟ್ಟೆ ನೋಡಿ ದೊಡ್ಡದು! ಕಂಬಕ್ಕೆ ಕಟ್ಟಿ ಇನ್ನೇನು ಪಂಜು ಹಿಡಿಯಬೇಕು, ಅಷ್ಟರಲ್ಲಿ ಬೆಟ್ಟದಾಚೆಯಿಂದ ಕೊಂಬಿನ ಸದ್ದು. ಕಿಲ್‌ಬ್ರೇ ಕುಲದವರು, ಅವಳನ್ನು ಓಡಿಸಿದವರೇ, ಮಂಡಿಯೂರಿ ಕ್ಷಮೆ ಕೇಳುತ್ತಾರೆ. 'ಇವಳು ನಮ್ಮ ಸೊಸೆ, ನಮ್ಮ ಮಣ್ಣಿನವಳು' ಎಂದು ಬಿಡಿಸಿ ಕರೆದೊಯ್ಯುತ್ತಾರೆ. ದಾರಿಯಲ್ಲೇ ಜೀವ ಹೋಗುತ್ತದೆ. ಗಂಡನ ಪಕ್ಕ ಹೂಳುತ್ತಾರೆ. ಎರಡು ಕುಲಗಳ ವೈರ ಅಲ್ಲಿಗೆ ಮುಗಿಯುತ್ತದೆ. ಬರೆಯುತ್ತಾ ನಾನೇ ಕಣ್ಣೀರು ಹಾಕಿದೆ. ಮಯೂರ್ ಫೋನ್ ಮಾಡಿ 'ಗುರು, ಬೆಂಕಿ ಗುರು!' ಅಂದ, ನಾನು ಹೆಂಗಸು ಎಂಬುದನ್ನೂ ಮರೆತು.

ಮಂಗಮ್ಮತ್ತೆ ಆ ಸಂಚಿಕೆಯನ್ನು ಜಗಲಿಯಲ್ಲಿ ಕೂತು ಪೂರ್ತಿ ಕೇಳಿದಳು. ನಾನು ಎದುರೇ ಕೂತಿದ್ದೆ, ಹೊಗಳುತ್ತಾಳೆ ಎಂದು ಕಾಯುತ್ತಾ. ಮುಗಿದ ಮೇಲೆ ಫೋನನ್ನು ನನ್ನ ಕೈಗಿಟ್ಟು, ಬೇಳೆ ತೊಳೆಯಲು ಒಳಗೆ ಹೋದಳು.

"ಏನತ್ತೆ, ಚೆನ್ನಾಗಿಲ್ವಾ? ಸುಡ್ಲಿಲ್ವಲ್ಲ!"

"ಹ್ಞೂ, ಸುಡ್ಲಿಲ್ಲ," ಅಂದಳು, ಅಷ್ಟೇ.

ನನಗೆ ಅರ್ಥವಾಗಲಿಲ್ಲ. ಕಥೆಯನ್ನು ತನಗೆ ತೋಚಿದ ಹಾಗೆ ಅರ್ಥ ಮಾಡಿಕೊಂಡವಳು ನನ್ನ ಅತ್ತಿಗೆ ಜಯಶೀಲಾ. ಶಿವರಾಮನ ಹೆಂಡತಿ ಕೆಟ್ಟವಳಲ್ಲ, ನನ್ನ ಒಂದು ಸಂಚಿಕೆಯನ್ನೂ ಬಿಟ್ಟವಳಲ್ಲ. ಅವಳು ಅತ್ತೂ ಅತ್ತೂ ಗಂಡನಿಗೆ ಹೇಳಿದ್ದಾಳೆ: 'ರೀ, ನಮ್ಮತ್ತೇಗೂ ಹಂಗೇ ಮಾಡ್ಬೋದಲ್ವಾ? ಅವರ ಕಡೆಯೋರನ್ನ ಕೇಳಿ ನೋಡಿ.' ಶಿವರಾಮನಿಗೆ ಸ್ವರ್ಗವೇ ಸಿಕ್ಕಿತು. ಸ್ಕೂಟರುಗಳೂ ಉಳಿದವು, ಅತ್ತೆಯ ಆಸೆಯೂ ನೆರವೇರಿತು!

ಮುಂದಿನ ಭಾನುವಾರ ಬೆಳಗ್ಗೆ ಮನೆ ಮುಂದೆ ಕಾರು ನಿಂತಿತು. ಬಿಳಿ ಪಂಚೆ ಉಟ್ಟ ಮುದುಕರೊಬ್ಬರು ಇಳಿದರು. ಅವರ ಹಿಂದೆ ಇಬ್ಬರು ಹೆಂಗಸರು, ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಸೀರೆ, ಹಣ್ಣು, ಹೂವು. ಮುದುಕರು ಅತ್ತೆಯ ಮೈದುನ ಮುನಿಯಣ್ಣ. ಶಿವರಾಮ ಮದುವೆ ಮನೆಯ ಯಜಮಾನನ ಹಾಗೆ ಓಡಾಡುತ್ತಾ ಎಲ್ಲರನ್ನೂ ಕೂರಿಸಿದ. ಜಯಶೀಲಾ ಆಗಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ಮರದ ಬೊಂಬೆಯಾಗಿದ್ದೆ. ಅಲ್ಲಿ ನಡೆಯುತ್ತಿದ್ದದ್ದು ನಾನೇ ಬರೆದದ್ದು, ಮಾತು ಮಾತೂ ನನ್ನದೇ.

"ಅತ್ತಿಗೆ," ಅಂದರು ಮುನಿಯಣ್ಣ. "ಅವತ್ತಿನೋರು ಯಾರೂ ಈಗಿಲ್ಲ. ನಾನಾಗ ಚಡ್ಡಿ ಹುಡ್ಗ. ನಮ್ಮನೆಯೋರು ಮಾಡಿದ್ದು ತಪ್ಪು, ತಪ್ಪೇ. ಅಣ್ಣನ ಪಕ್ಕ ಜಾಗ ಹಂಗೇ ಇದೆ. ನಿಮ್ಮ ಕಾಲ ಬಂದಾಗ ನಮ್ಮನೆ ಸೊಸೇನ ನಾವೇ ಕರ್ಕೊಂಡೋಗಿ ಮಣ್ಣು ಮಾಡ್ತೀವಿ."

ಕಪಟವಿಲ್ಲದ ಮನುಷ್ಯ. ಕಣ್ಣಲ್ಲಿ ನೀರಿತ್ತು. ಯಾರ ಮೇಲೆ ರೇಗಲಿ ನಾನು?

ಅತ್ತೆ ತಟ್ಟೆಯನ್ನೇ ನೋಡುತ್ತಿದ್ದಳು. "ನಿಮ್ಮಣ್ಣ ಒಳ್ಳೇವ್ನೇ ಕಣಪ್ಪ. ಪಕ್ಕದಲ್ಲಿ ಇನ್ಯಾರಿದಾರೆ?"

"ಅಪ್ಪ ಇದಾರೆ. ಈ ಕಡೆ ಅವ್ವ."

"ಹ್ಞಾ, ನಿಮ್ಮವ್ವ." ಅತ್ತೆ ತಲೆಯೆತ್ತಿದಳು. "ಮಾಟಗಾತಿ ಬಾಯಿ ಕಟ್ಬೇಕು ಅಂತ ನನ್ನ ಕೆಡವಿಕೊಂಡು ಬಾಯಿಗೆ ಸಗಣಿ ನೀರು ಹುಯ್ದೋಳು. ಆ ಎರಡು ವರ್ಷಾನೇ ಸಾಕಾಗಿತ್ತು ನಂಗೆ. ಇನ್ನು ಮೇಲೆ ಯಾವತ್ತಿಗೂ ಅವಳ ಪಕ್ಕ ಮಲಗು ಅಂತೀಯಾ?"

ನಮಗೆ ಇದನ್ನು ಅವಳು ಒಂದು ದಿನವೂ ಹೇಳಿರಲಿಲ್ಲ. ಮೋರಾಗ್‌ಳ ಬಾಯಲ್ಲಿ ಅಷ್ಟೊಂದು ಮಾತು ತುರುಕಿದ ನಾನು, ಎದುರಿಗಿದ್ದವಳನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂದು ನಾಚಿಕೆಯಿಂದ ಮೈಯೆಲ್ಲ ಉರಿಯಿತು. ಲೋಟವನ್ನು ನೆಲಕ್ಕೆ ಕುಕ್ಕಿದೆ.

"ಅತ್ತೆ ಎಲ್ಲಿಗೂ ಹೋಗಲ್ಲ. ಅರೆಕೆರೇಲಿ ಅಪ್ಪನ ಪಕ್ಕ ಹಾಕೋದು. ಇವಳು ನಮ್ಮೋಳು ಅಂತ ಒಂದ್ಸಲ ಬಾಯಿಬಿಟ್ಟು ಹೇಳೋ ಶಿವು!"

"ಎಷ್ಟು ಸಲ ಹೇಳ್ಬೇಕು ನಿಂಗೆ?" ಶಿವರಾಮನೂ ಎದ್ದು ನಿಂತ. "ಒಬ್ಬರಿಗೆ ಕೊಟ್ರೆ ಮುಗೀತಾ? ಇವತ್ತು ಅತ್ತೆ, ನಾಳೆ ನೀನೂ ಕೇಳ್ತೀಯ."

ಅಂದ ಮೇಲೆ ಅವನಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಜಯಶೀಲಾ "ರೀ" ಎಂದು ಅವನ ತೋಳು ಹಿಡಿದಳು. ನಾನು ಆ ಮನೆಯಲ್ಲೇ ಹುಟ್ಟಿದವಳು. ಆ ಕ್ಷಣದಲ್ಲಿ ಅಲ್ಲಿ ಕೂರಬೇಕೋ ನಿಲ್ಲಬೇಕೋ ನನಗೆ ಗೊತ್ತಾಗಲಿಲ್ಲ.

ಮಂಗಮ್ಮತ್ತೆ ಗೋಡೆ ಹಿಡಿದು ಎದ್ದಳು. ನನ್ನ ಪಕ್ಕ ಬಂದು ನಿಂತಳು.

"ಮುನಿಯಣ್ಣ, ಬಂದ್ಯಲ್ಲ, ಸಂತೋಷ ಕಣಪ್ಪ. ಊಟ ಮಾಡ್ಕೊಂಡು ಹೋಗು, ಸೀರೆ ವಾಪಸ್ ತಗೊಂಡೋಗು. ಶಿವು, ನಿನ್ನ ಸ್ಕೂಟ್ರು ಯಾವುದೂ ಎತ್ತಿಸ್ಬೇಡ. ನನ್ನ ಸುಟ್ಬಿಡಿ. ಯಾರ ಮಣ್ಣೂ ಬೇಡ ನಂಗೆ."

ದನಿ ಗಟ್ಟಿಯಾಗಿತ್ತು. ನನ್ನ ಮುಂಗೈಯನ್ನು ಮಾತ್ರ ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಿದ್ದಳು, ಅದು ನನಗೊಬ್ಬಳಿಗೇ ಗೊತ್ತು. ಅವಳ ಭಯ ಕಡಿಮೆಯಾಗಿರಲಿಲ್ಲ. ಭಯವನ್ನು ಹಾಗೇ ಇಟ್ಟುಕೊಂಡು ಬೆಂಕಿಯನ್ನು ಆರಿಸಿಕೊಂಡಳು.

ಆಷಾಢದಲ್ಲಿ ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದವಳು ಏಳಲಿಲ್ಲ. ನಮ್ಮಲ್ಲಿ ಹೆಂಗಸರು ಹೆಣದ ಹಿಂದೆ ಹೋಗುವುದಿಲ್ಲ. ನಾನು ಹೋದೆ, ಯಾರೂ ತಡೆಯುವ ಧೈರ್ಯ ಮಾಡಲಿಲ್ಲ. ಬನಶಂಕರಿಯ ಕರೆಂಟಿನ ಒಲೆ ಅವಳು ಹೇಳಿದ್ದ ಹಾಗೆ ಒಳಕ್ಕೆ ಎಳೆದುಕೊಳ್ಳಲಿಲ್ಲ, ಇಬ್ಬರು ಮೆಲ್ಲಗೆ ಒಳಗೆ ತಳ್ಳಿದರು. ಬಾಗಿಲು ಮುಚ್ಚುವಾಗ ನಾನು "ಅತ್ತೆ, ಇಲ್ಲೇ ಇದೀನಿ, ಹೆದರ್ಬೇಡ" ಎಂದು ಜೋರಾಗಿ ಕೂಗಿದೆ. ಸುತ್ತ ಇದ್ದವರು ತಿರುಗಿ ನೋಡಿದರು. ನೋಡಲಿ ಬಿಡಿ.

ಮಾರನೆಯ ಬೆಳಗ್ಗೆ ಮಡಕೆಯಲ್ಲಿ ಬೂದಿ ಕೊಟ್ಟರು. ಅದನ್ನು ಕೈಗೆ ತೆಗೆದುಕೊಂಡವನು ಶಿವರಾಮ. ರಾತ್ರಿಯೆಲ್ಲ ಅತ್ತು ಅವನ ಮುಖ ಊದಿತ್ತು. ಗೇಟಿನ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದ.

"ಮಧು, ಇದನ್ನ ಅರೆಕೆರೇಲಿ ಇಡೋಣ್ವಾ? ಅಪ್ಪನ ಕಾಲ ಹತ್ರ. ಬೂದಿಗೆ ಎಷ್ಟು ಜಾಗ ಬೇಕು? ಯಾರಿಗೂ ಗೊತ್ತಾಗಲ್ಲ ಕಣೆ."

ಪ್ರೀತಿಯಿಂದಲೇ ಹೇಳಿದ. ಅದನ್ನೇ ನನಗೆ ತಡೆಯಲಾಗಲಿಲ್ಲ. ಅವಳು ಯಾರಿಗೂ ಗೊತ್ತಾಗದ ಹಾಗೆ ನಮ್ಮವಳಾಗಬಹುದು! ನಾನು ಅವನ ಕೈಯಿಂದ ಮಡಕೆ ಕಿತ್ತುಕೊಂಡು ಆಟೋ ಹತ್ತಿದೆ.

ಮಡಕೆ ನನ್ನ ಕೋಣೆಯಲ್ಲಿದೆ. ಬೂದಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಶ್ರೀರಂಗಪಟ್ಟಣಕ್ಕೆ ಹೋಗಿ ಹೊಳೆಗೆ ಬಿಟ್ಟು ಬಾ ಎಂದು ಜಯಶೀಲಾ ದಿನವೂ ಹೇಳುತ್ತಾಳೆ. ಬಿಡಬೇಕು, ಗೊತ್ತು. ಬಿಟ್ಟು ಬಂದರೆ ಈ ಮನೆಯಲ್ಲಿ ನನ್ನ ಕುಲದವರು ಅಂತ ಒಬ್ಬರೂ ಉಳಿಯುವುದಿಲ್ಲ.