ಸಾಹೇಬರು ಬರುತ್ತಾರೆಂದು

ಟೈಲರಕ್ಕನ ಹೊಸಿಲು ದಾಟಿದ್ದೇ ತಡ, ಲಾಯರಮ್ಮ ಗಕ್ಕನೆ ನಿಂತುಬಿಟ್ಟಳು. ಗೋಡೆಗಳು ಬೆಳ್ಳಗೆ ಫಳಫಳ ಹೊಳೆಯುತ್ತಿದ್ದವು. ಹೊಲಿಗೆ ಮಿಷನ್ನಿನ ಹಿಂದೆ ನೆಲದಿಂದ ಸೂರಿನವರೆಗೆ ಬಾಯಿಬಿಟ್ಟುಕೊಂಡಿದ್ದ ಬಿರುಕು ಎಲ್ಲಿ ಹೋಯಿತು? ಸಿಮೆಂಟು ಮೆತ್ತಿ, ಮೇಲೆ ಸುಣ್ಣ ಬಳಿದು ನುಣ್ಣಗೆ ಮಾಡಿಬಿಟ್ಟಿದ್ದಾಳೆ ಪುಣ್ಯಾತ್ಗಿತ್ತಿ!

"ಇದೇನಕ್ಕಾ ಮಾಡ್ಕೊಂಡ್ರಿ?"

"ಕೋರ್ಟಿಂದ ಸಾಹೇಬ್ರು ಬರ್ತಾರೆ ಅಂದ್ರಲ್ಲ! ದೊಡ್ಡೋರು ಬರೋವಾಗ ಮನೆ ಹಂಗೇ ಬಿಡೋಕಾಗುತ್ತಾ? ನಿನ್ನೆ ಬೀದಿಯೋರೆಲ್ಲ ಸೇರಿ ಎಲ್ಲಾ ಮನೆಗೂ ಬಳಿದ್ವಿ. ಹೆಂಗಿದೆ?"

ಲಾಯರಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಗುಡ್ಡದೊಳಗೆ ರೈಲಿಗೆ ಸುರಂಗ ಕೊರೆಯುವ ಕಂಪನಿ ಸಿಡಿಮದ್ದು ಇಟ್ಟಾಗಲೆಲ್ಲ ಈ ಬೀದಿ ನಡುಗುತ್ತಿತ್ತು, ಗೋಡೆಗಳು ಸೀಳುತ್ತಿದ್ದವು. ಅದನ್ನು ನಿಲ್ಲಿಸಿ ಎಂದು ಬೀದಿಯವರ ಕೇಸು. ಕೋರ್ಟಿನ ಕಮಿಷನರು ಇವತ್ತು ಕಣ್ಣಾರೆ ಕಂಡದ್ದನ್ನು ಬರೆದುಕೊಂಡು ಹೋಗುವವರು. ಹಾನಿಯಿಲ್ಲ ಎಂದು ಬರೆದರೆ ಕಥೆ ಮುಗಿಯಿತು. ಮಳೆಗಾಲದೊಳಗೆ ಈ ಮನೆಗಳು ಮಲಗಿಬಿಡುತ್ತವೆ.

ಅಷ್ಟರಲ್ಲಿ ಕಮಿಷನರು ಬಂದೇಬಿಟ್ಟರು. ಜೊತೆಗಿದ್ದ ಕಂಪನಿಯ ವಕೀಲ ಗೋಡೆ ಸವರಿ ಹಲ್ಲು ಕಿರಿದ.

"ಭೇಷ್! ಹೊಸ ಮನೆ ಇದ್ದಂಗಿದೆ. ಎಲ್ಲಿ ಸ್ವಾಮಿ ಬಿರುಕು?"

ಕಮಿಷನರು ಪೆನ್ನಿನ ಮುಚ್ಚಳ ತೆಗೆದರು. "ನಾನು ಕಂಡಿದ್ದನ್ನೇ ಬರೀಬೇಕಮ್ಮ."

"ಅಕ್ಕಾ, ಕೆರೆದು ತೋರಿಸಿ," ಲಾಯರಮ್ಮ ಕಿವಿಯಲ್ಲಿ ಉಸುರಿದಳು.

"ಅವರೆದುರಿಗಾ? ಮರ್ಯಾದೆ ಹೋಗುತ್ತೆ ಕಣಮ್ಮಾ!"

"ಇಲ್ಲಾಂದ್ರೆ ಮನೇನೇ ಹೋಗುತ್ತಕ್ಕಾ."

ಟೈಲರಕ್ಕನ ಮುಖ ಕೆಂಪಗಾಯಿತು. ಮಿಷನ್ನಿನ ಮೇಲಿದ್ದ ಕತ್ತರಿ ಎತ್ತಿಕೊಂಡಳು. ಅದರಲ್ಲಿ ಕಾಗದ ಕತ್ತರಿಸಿದನೆಂದು ಗಂಡನ ಜೊತೆ ಮಾತು ಬಿಟ್ಟಿದ್ದವಳು, ಈಗ ಅದನ್ನೇ ಗೋಡೆಗೆ ಚುಚ್ಚಿ ಪರಪರ ಕೆರೆದಳು. ಸರಿಯಾಗಿ ಒಣಗದ ಸಿಮೆಂಟು ಉದುರಿತು. ಈ ಮನೆಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಅದೊಂದೇ ತೆಳು ಗೋಡೆ. ಕತ್ತರಿ ಹಿಡಿಯವರೆಗೂ ಒಳಹೋಯಿತು.

"ಯಾರೇ ಅದು, ನನ್ನ ಅಡುಗೆಮನೆಗೆ ಕತ್ತರಿ ತೂರಿಸ್ತಿರೋಳು?" ಪಕ್ಕದ ಮನೆಯವಳು ಅಬ್ಬರಿಸಿದಳು.

ಕಮಿಷನರು ಬಗ್ಗಿ ನೋಡಿದರು. ಬಿರುಕಿನ ಆಚೆಯಿಂದ ಒಂದು ಕಣ್ಣು ಅವರನ್ನೇ ನೋಡುತ್ತಿತ್ತು.

"ನೀನೂ ಕೆರಿಯೇ!" ಟೈಲರಕ್ಕ ಗೋಡೆಗೆ ಬಾಯಿಟ್ಟು ಕೂಗಿದಳು. "ಎಲ್ರಿಗೂ ಹೇಳು, ಕೆರೀಲಿ!"

ಕಂಪನಿಯ ವಕೀಲ ಏನೋ ಹೇಳಹೊರಟ. ಕಮಿಷನರು ಕೈಯೆತ್ತಿ ತಡೆದರು. ಪಕ್ಕದ ಮನೆಯಲ್ಲಿ ಕೆರೆಯುವ ಸದ್ದು ಶುರುವಾಯಿತು, ಆಮೇಲೆ ಅದರಾಚೆಯ ಮನೆಯಲ್ಲಿ.

ಟೈಲರಕ್ಕ ಒಂದು ತುಂಡು ಬಟ್ಟೆಯಿಂದ ಕುರ್ಚಿಯ ಮೇಲಿನ ಸುಣ್ಣದ ಪುಡಿ ಒರೆಸಿದಳು. "ಕೂತ್ಕೊಳ್ಳಿ ಸಾಹೇಬ್ರೇ. ಮನೆ ಹಿಂಗಿದೆ, ಬೇಜಾರು ಮಾಡ್ಕೋಬೇಡಿ."

ಕಮಿಷನರು ಕೂರಲಿಲ್ಲ. ಬಾಗಿಲಿಗೆ ಬಂದು, ಬೀದಿಯ ಕೊನೆಯತ್ತ ಸಾಗುತ್ತಿದ್ದ ಆ ಸದ್ದನ್ನು ಕೇಳುತ್ತ ನಿಂತರು.